ದೋರಸಮುದ್ರಕ್ಕೆ ಇಳಿಯುವುದು ಅರಸೀಕೆರೆಯಲ್ಲಿ

ಗೊತ್ತಿಲ್ಲದ ರಾಜಧಾನಿಗೆ ಹೊರಟವರ ತಲೆಯಲ್ಲಿ ಎರಡೇ ಪ್ರಶ್ನೆ. ಎಲ್ಲಿ ಇಳಿಯುವುದು, ಇಳಿದ ಮೇಲೆ ಊರು ಸೇರಿಕೊಳ್ಳುವುದು ಹೇಗೆ? ಕೈರೋಗೋ ಟ್ಯೂನಿಸ್ಸಿಗೋ ಹೋಗಿ ಬಂದ ನಮ್ಮವರನ್ನು ಮಾತಿಗೆಳೆದು ನೋಡಿ, ಪಿರಮಿಡ್ಡಿಗಿಂತ ಮೊದಲು ವಿಮಾನ ನಿಲ್ದಾಣದ ಟ್ಯಾಕ್ಸಿಯವನ ಜೊತೆ ನಡೆದ ಚೌಕಾಸಿಯನ್ನೇ ಹೇಳುತ್ತಾರೆ. ಪಿರಮಿಡ್ಡು ಪುಸ್ತಕದಲ್ಲೂ ಸಿಗುತ್ತದೆ; ಮೀಟರ್ ಹಾಕದ ಟ್ಯಾಕ್ಸಿಯ ಕಥೆ ಅವರ ಸ್ವಂತದ್ದು.

ಹಾಸನ ಜಿಲ್ಲೆಯಲ್ಲೂ ಒಂದು ರಾಜಧಾನಿ ಇತ್ತು. ಹೊಯ್ಸಳರ ದೋರಸಮುದ್ರ, ಈಗಿನ ಹಳೇಬೀಡು. ಅದಕ್ಕೆ ವಿಮಾನ ನಿಲ್ದಾಣವಿಲ್ಲ, ರೈಲು ನಿಲ್ದಾಣವೂ ಇಲ್ಲ. ಬೆಳಗಾವಿ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಕಡೆಯಿಂದ ರೈಲಿನಲ್ಲಿ ಬರುವವರು ಇಳಿಯಬೇಕಾದದ್ದು ಅರಸೀಕೆರೆ ಜಂಕ್ಷನ್ನಿನಲ್ಲಿ. ಅಲ್ಲಿಂದ ಹಳೇಬೀಡು ಸುಮಾರು ನಲವತ್ತು ಕಿಲೋಮೀಟರು. ಇಲ್ಲಿ ಯಾರೂ ಮುತ್ತಿಕೊಳ್ಳುವುದಿಲ್ಲ. ಸ್ಟೇಷನ್ ಹೊರಗೆ ನಿಂತ ಆಟೊದವರು ಒಮ್ಮೆ ಮುಖ ನೋಡಿ, "ಬಸ್ ಸ್ಟ್ಯಾಂಡಾ ಸಾರ್? ನಡ್ಕೊಂಡೇ ಹೋಗ್ಬೋದು. ಲಗೇಜ್ ಇದ್ರೆ ಬನ್ನಿ" ಎನ್ನುವ ಊರು ಇದು. ಬಾಡಿಗೆ ಬಿಟ್ಟುಕೊಟ್ಟು ದಾರಿ ಹೇಳುವ ಆಟೊದವರು ರಾಜಧಾನಿಗಳಲ್ಲಿ ಸಿಗುವುದಿಲ್ಲ.

ಬೆಂಗಳೂರಿನಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿ ಹಾಕಿದ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಅರಸೀಕೆರೆಗೆ ರೈಲು ಬಂತು. ಮೈಸೂರಿನಿಂದ ಹಾಸನದ ಮೇಲೆ ಬಂದ ಹಳಿ ಆಮೇಲೆ ಇಲ್ಲಿ ಕೂಡಿಕೊಂಡು ಊರು ಜಂಕ್ಷನ್ ಆಯಿತು. ಬೆಂಗಳೂರಿಗೂ ಮೈಸೂರಿಗೂ ಇಲ್ಲಿಂದ ರೈಲಿನ ದೂರ ಹೆಚ್ಚುಕಮ್ಮಿ ಒಂದೇ, ಸುಮಾರು 165 ಕಿ.ಮೀ. ಜಂಕ್ಷನ್ ಅಂದರೆ ಗಾಡಿ ಕೊಂಚ ಹೊತ್ತು ನಿಲ್ಲುತ್ತದೆ, ಇಡ್ಲಿ-ವಡೆಯ ಬುಟ್ಟಿ ಕಿಟಕಿಗೆ ಬರುತ್ತದೆ, ಜನ ಇಳಿದು ಮೈಮುರಿದು ಹತ್ತುತ್ತಾರೆ. ಕನ್ನಡ ನಾಡಿನ ಅರ್ಧದಷ್ಟು ಜನ ಅರಸೀಕೆರೆಯನ್ನು ಹೀಗೆ ಕಿಟಕಿಯಿಂದಲೇ ನೋಡಿದವರು. ಹೆಸರು ಎಲ್ಲರಿಗೂ ಗೊತ್ತು, ಊರು ಯಾರಿಗೂ ಗೊತ್ತಿಲ್ಲ.

ಇತ್ತೀಚೆಗೆ ಕಿಟಕಿಯಿಂದ ನೋಡುವವರೂ ಕಮ್ಮಿಯಾದರು. 2017ರಲ್ಲಿ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರಿನಿಂದ ಹಾಸನಕ್ಕೆ ನೇರ ಹಳಿ ತೆರೆಯಿತು. ಅಲ್ಲಿಯವರೆಗೆ ಬೆಂಗಳೂರಿನವರು ರೈಲಿನಲ್ಲಿ ಹಾಸನಕ್ಕೆ ಹೋಗಬೇಕಿದ್ದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿಕೊಳ್ಳಬೇಕಿತ್ತು. ಈಗ ಬೆಂಗಳೂರಿನ ಪ್ರವಾಸಿ ಹಾಸನದಲ್ಲಿ ಇಳಿಯುತ್ತಾನೆ, ಇಲ್ಲವೇ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ ಕಾರು ಹಿಡಿದು ಹೆದ್ದಾರಿಯಲ್ಲಿ ಬಂದು, ಬೇಲೂರು ಒಂದೂವರೆ ಗಂಟೆ, ಹಳೇಬೀಡು ಒಂದು ಗಂಟೆ ಎಂದು ಮುಗಿಸಿ, ರಾತ್ರಿ ಊಟಕ್ಕೆ ಚಿಕ್ಕಮಗಳೂರಿನ ಹೋಮ್‌ಸ್ಟೇ ಸೇರಿರುತ್ತಾನೆ. ಹಾಸನದಿಂದ ಎರಡೂ ಊರಿಗೆ ಬಸ್ಸು ಧಾರಾಳ, ದಾರಿ ಚೆನ್ನಾಗಿದೆ. ಅನುಕೂಲ ಬೇಕಾದವರಿಗೆ ಅದೇ ಸರಿ. ಆದರೆ ಹೊಯ್ಸಳರ ಸೀಮೆ ಯಾವುದು, ಅದು ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಅರಸೀಕೆರೆಯ ದಾರಿಗೆ ಸಮ ಇನ್ನೊಂದಿಲ್ಲ. ಉತ್ತರದಿಂದ ದೋರಸಮುದ್ರಕ್ಕೆ ಬರುವ ದಾರಿ ಎಂಟುನೂರು ವರ್ಷದ ಹಿಂದೆಯೂ ಬಹಳ ಓಡಾಟದ್ದೇ ಆಗಿತ್ತು.

ಅದಕ್ಕೊಂದು ಒಳ್ಳೆಯ ಸಾಕ್ಷಿ ಹಳೇಬೀಡಿನಲ್ಲೇ ಇದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ರಾಜಧಾನಿಯಲ್ಲಿ ಒಂದು ಬಸದಿ ಕಟ್ಟಿಸಿದ. ಪ್ರತಿಷ್ಠೆ ಮುಗಿದ ಕೂಡಲೇ ಅರ್ಚಕರು ಪ್ರಸಾದ ತೆಗೆದುಕೊಂಡು ರಾಜನನ್ನು ಹುಡುಕಿ ಹೊರಟರು. ರಾಜ ಇದ್ದದ್ದು ಬಂಕಾಪುರದಲ್ಲಿ, ಅಂದರೆ ಈಗಿನ ಹಾವೇರಿ ಜಿಲ್ಲೆಯಲ್ಲಿ. ಅವರು ಹೋಗಿ ಮುಟ್ಟುವ ಹೊತ್ತಿಗೆ ರಾಜ ಯುದ್ಧ ಗೆದ್ದಿದ್ದ, ಅವನಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ಸಂತೋಷದಲ್ಲಿ ಅವನು ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ಶಾಸನ ಹೇಳುವ ಕಥೆ ಇಷ್ಟು. ಅದು ಹೇಳದೆ ಬಿಟ್ಟದ್ದು ಆ ಅರ್ಚಕರ ಪ್ರಯಾಣ. ಇನ್ನೂರು ಕಿಲೋಮೀಟರಿಗೂ ಮೀರಿದ ಹಾದಿ, ನಡುವೆ ತುಂಗಭದ್ರೆಯ ಸೀಮೆ, ಕೈಯಲ್ಲಿ ಪ್ರಸಾದ. ಎಷ್ಟು ದಿನ ಹಿಡಿಯಿತೋ, ಎಲ್ಲೆಲ್ಲಿ ತಂಗಿದರೋ. ಈಗ ಅದೇ ದಿಕ್ಕಿನಲ್ಲಿ ಹಾವೇರಿ, ಹರಿಹರ, ದಾವಣಗೆರೆ, ಕಡೂರು, ಅರಸೀಕೆರೆ ಎಂದು ರೈಲು ಓಡುತ್ತದೆ. ಹಾವೇರಿಯಲ್ಲಿ ರಾತ್ರಿ ಹತ್ತಿ ಮಲಗಿದರೆ ಕತ್ತಲು ಹರಿಯುವ ಮೊದಲೇ ಅರಸೀಕೆರೆ. ನಿದ್ದೆಗಣ್ಣಲ್ಲಿ ಬೇಗ ಇಳಿದು ಏನು ಮಾಡುವುದು ಎಂಬುದೇ ಈಗಿನ ಸಮಸ್ಯೆ.

ಮಾಡುವುದು ಇಷ್ಟು: ವೇಟಿಂಗ್ ರೂಮಿನಲ್ಲಿ ಮುಖ ತೊಳೆದು, ಬೆಳಕಾಗುವವರೆಗೆ ಕಾದು, ಒಂದು ಕಾಫಿ ಕುಡಿದು, ಊರಿನ ಶಿವಾಲಯಕ್ಕೆ ಹೋಗುವುದು. ಪುಸ್ತಕದಲ್ಲಿ ಈಶ್ವರ ದೇವಾಲಯ, ಚಂದ್ರಮೌಳೇಶ್ವರ ಎಂದೆಲ್ಲ ಬರೆದಿರುತ್ತದೆ. ಆಟೊದವರಿಗೆ 'ಶಿವಾಲಯ' ಎಂದರೆ ಸಾಕು.

ಇದು 1220ರದ್ದು, ಎರಡನೇ ಬಲ್ಲಾಳನ ಕೊನೆಗಾಲದ ಕಟ್ಟಡ. ಬೇಲೂರು ಹಳೇಬೀಡಿಗೆ ಹೋಲಿಸಿದರೆ ಚಿಕ್ಕದು. ಗೋಡೆಯ ಶಿಲ್ಪಗಳೂ ಅಷ್ಟು ತುಂಬಿಕೊಂಡಿಲ್ಲ. ಇದರ ಸೊಗಸೆಲ್ಲ ಕಟ್ಟಿದ ಬಗೆಯಲ್ಲಿದೆ. ಗರ್ಭಗುಡಿಯ ಹೊರಗೋಡೆ ಹದಿನಾರು ಮೂಲೆಯ ನಕ್ಷತ್ರ. ಅದರ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದರೆ ಗೋಡೆ ಒಂದು ಹೆಜ್ಜೆಗೆ ಮುಂದೆ ಬಂದಂತೆ, ಮುಂದಿನ ಹೆಜ್ಜೆಗೆ ಹಿಂದೆ ಸರಿದಂತೆ ಕಾಣುತ್ತದೆ. ಬೆಳಗಿನ ಓರೆ ಬಿಸಿಲಲ್ಲಿ ಪ್ರತಿ ಮೂಲೆಗೂ ಅದರದೇ ನೆರಳು. ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಮುಂದಿನ ತೆರೆದ ಮಂಟಪ. ಅದೂ ನಕ್ಷತ್ರದ ಆಕಾರದ್ದೇ, ಮೇಲೆ ದುಂಡು ಗುಮ್ಮಟ. ಹೊಯ್ಸಳರ ನೂರಾರು ಗುಡಿಗಳಲ್ಲಿ ಇಂಥ ಮಂಟಪ ಅಪರೂಪ. ಸುತ್ತ ಕಲ್ಲಿನ ಒರಗುಜಗುಲಿ; ಕುಳಿತು ತಲೆ ಎತ್ತಿದರೆ ಕಲ್ಲು ಬಳೆಬಳೆಯಾಗಿ ಮೇಲಕ್ಕೆ ಸಣ್ಣದಾಗುತ್ತ ಹೋಗುತ್ತದೆ. ಗಾರೆ ಮೆತ್ತಿ ಎತ್ತಿದ ಗುಮ್ಮಟವಲ್ಲ ಇದು, ಕಲ್ಲಿನ ಮೇಲೆ ಕಲ್ಲು ಕೊಂಚ ಕೊಂಚ ಒಳಕ್ಕೆ ಚಾಚಿಸಿ ಮುಚ್ಚಿದ್ದು. ಬೆಳಗ್ಗೆ ಪೂಜೆಗೆ ಬಂದ ನಾಲ್ಕಾರು ಮಂದಿ ಬಿಟ್ಟರೆ ಯಾರೂ ಇರುವುದಿಲ್ಲ. ಬೇಲೂರಿನಲ್ಲಿ ಹೀಗೆ ಕೂರುವ ಯೋಗ ಸಿಕ್ಕುವುದಿಲ್ಲ.

ಅದೇ 1220ರಲ್ಲಿ ಈ ಊರಲ್ಲೇ ಬಲ್ಲಾಳನ ಅಧಿಕಾರಿ ರೇಚರಸ ಸಹಸ್ರಕೂಟ ಜಿನಾಲಯವನ್ನೂ ಕಟ್ಟಿಸಿದ. ಒಂದೇ ವರ್ಷದಲ್ಲಿ ಒಂದು ಶಿವಾಲಯ, ಒಂದು ಬಸದಿ. ರಾಜಧಾನಿಯ ದಾರಿಯಲ್ಲಿದ್ದ ಊರಿನ ಕೈಯಲ್ಲಿ ಆಗ ಎಷ್ಟು ಹಣ ಆಡುತ್ತಿತ್ತು ಎಂದು ಊಹಿಸಿಕೊಳ್ಳಬಹುದು. ಈಗ ಹಣ ಆಡುವುದು ಕೊಬ್ಬರಿ ಮಾರುಕಟ್ಟೆಯಲ್ಲಿ. ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿ ದೇಶಕ್ಕೆಲ್ಲ ಗೊತ್ತು. ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ತಿಂಗಳು, ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಒಡೆಯುವ ಕಾಲ ಬಂತು ಎಂದು ಲೆಕ್ಕ. ಅರಸೀಕೆರೆಯ ಬಸ್ಸಿನಲ್ಲಿ ಕಾಲಿಡುವ ಕಡೆ ಮೂಟೆಯೊಂದು ಸಿಕ್ಕರೆ ಅದು ಬಹುಪಾಲು ಇದೇ.

ಇನ್ನು ಬಸ್ಸಿನ ವಿಚಾರ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ, ತಿಪಟೂರು ದಾಟಿ ತುಮಕೂರು ಸೇರುವ ಹೆದ್ದಾರಿಗೆ ಈಗ ರಾಷ್ಟ್ರೀಯ ಹೆದ್ದಾರಿ 73 ಎಂದು ನಂಬರು. ನಮಗೆ ಬೇಕಾದ ಊರುಗಳೆಲ್ಲ ಈ ಒಂದೇ ರಸ್ತೆಯ ಮೇಲೆ ಸಾಲಾಗಿ ಬರುತ್ತವೆ. ಬಸ್ ಸ್ಟ್ಯಾಂಡಿನಲ್ಲಿ "ಹಳೇಬೀಡಿಗೆ ಎಷ್ಟೊತ್ತಿಗಿದೆ?" ಎಂದು ಕೇಳುವುದಕ್ಕಿಂತ "ಜಾವಗಲ್ ಬಸ್ಸು ಯಾವುದು?" ಎಂದು ಕೇಳುವುದು ಮೇಲು. ಜಾವಗಲ್‌ವರೆಗೆ ಹೋಗಿ ಇನ್ನೊಂದು ಬಸ್ಸು ಹಿಡಿದರೂ ಆಯಿತು, ನೇರ ಬಸ್ಸಿಗೆ ಕಾದು ಕೂತು ಹೊತ್ತು ಕಳೆಯಬೇಕಿಲ್ಲ. ಪ್ಲಾಟ್‌ಫಾರಂ ಬೋರ್ಡನ್ನು ನಂಬುವುದಕ್ಕಿಂತ ಕಂಡಕ್ಟರ್ ಕೂಗನ್ನು ನಂಬಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳ ಒಳಗಿನ ಚಿತ್ರವೇ ಬದಲಾಗಿದೆ. ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಮೊದಲು ಮಗಳ ಮನೆಗೆ ಹಬ್ಬಕ್ಕೊಮ್ಮೆ ಹೋಗುತ್ತಿದ್ದ ಅಜ್ಜಿಯರು ಈಗ ವಾರಕ್ಕೊಮ್ಮೆ ಹೊರಡುತ್ತಾರೆ.

"ಅಜ್ಜೀ, ಆಧಾರ್ ತೋರ್ಸಿ."

"ಹೋದ್ ವಾರನೂ ನೀನೇ ನೋಡಿದ್ಯಲ್ಲಪ್ಪ, ಅದೇ ಮೊಕ."

"ಮೊಕ ಅದೇ ಅಜ್ಜಿ, ಮಿಷನ್ನಿಗೆ ಗೊತ್ತಾಗ್ಬೇಕಲ್ಲ. ಎಲ್ಲಿಗೆ?"

"ಜಾವಗಲ್ಲು."

ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಅಜ್ಜಿ ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ಸೇರಿಸಿಕೊಳ್ಳುತ್ತಾಳೆ. ಊರ ಹೆಂಗಸರು ಹೆಚ್ಚು ಓಡಾಡಿದಷ್ಟೂ ಬಸ್ಸು ತುಂಬಿರುತ್ತದೆ. ಬೆನ್ನಿಗೆ ದೊಡ್ಡ ಚೀಲ ಹೊತ್ತು ಬಂದ ಪ್ರವಾಸಿ ನಿಂತೇ ಹೋಗಬೇಕಾದೀತು, ಹೋಗಲಿ. ಸಾಮಾನು ಕಮ್ಮಿ ತರುವುದು ಅವರಿಗೇ ಕ್ಷೇಮ.

ಕಿಟಕಿ ಸಿಕ್ಕಿದರೆ ಹೊರಗೆ ನೋಡುತ್ತಿರಬೇಕು. ಅರಸೀಕೆರೆ ಬಯಲುಸೀಮೆ: ತೆಂಗು, ರಾಗಿ, ಕಲ್ಲುಗುಡ್ಡ, ವರ್ಷ ಬಿಟ್ಟು ವರ್ಷ ತುಂಬುವ ಕೆರೆ. ನುಸಿಪೀಡೆ ಬಂದು ಹೋದ ತೋಟಗಳೂ ನಡುವೆ ಸಿಗುತ್ತವೆ. ಜಾವಗಲ್ ದಾಟುತ್ತ ಮಣ್ಣಿನ ಬಣ್ಣ ಕಪ್ಪಾಗುತ್ತದೆ, ಬದುಗಳಲ್ಲಿ ಹಸಿರು ಹೆಚ್ಚುತ್ತದೆ, ಹಳೇಬೀಡಿನ ಹತ್ತಿರ ನೀರು ನಿಂತ ಕೆರೆ ಕಾಣುತ್ತದೆ. ಬೇಲೂರು ಬರುವಷ್ಟರಲ್ಲಿ ಮಲೆನಾಡಿನ ಅಂಚು, ಗಾಳಿಯಲ್ಲೇ ತೇವ. ಎರಡು ಗಂಟೆಯ ದಾರಿಯಲ್ಲಿ ಒಣಸೀಮೆಯಿಂದ ಮಳೆಸೀಮೆಗೆ ಹತ್ತಿದ ಹಾಗೆ. ಹೊಯ್ಸಳರು ಮಲೆಯಿಂದ ಬಂದವರು, ಮೂಡಿಗೆರೆಯ ಅಂಗಡಿ ಅವರ ಮೂಲ ಊರು. ಮಲೆಗೂ ಬಯಲಿಗೂ ನಡುವೆ, ಎರಡನ್ನೂ ಕೈಗೆಟುಕುವಷ್ಟರಲ್ಲಿ ಇಟ್ಟುಕೊಂಡು ಅವರು ರಾಜಧಾನಿ ಮಾಡಿಕೊಂಡರು. ಹಾಸನದ ಕಡೆಯಿಂದ ಬಂದವರಿಗೆ ಈ ಏರಿಳಿತ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಜಾವಗಲ್ ಎಂದರೆ ಕ್ರಿಕೆಟ್ಟಿನವರಿಗೆ ಶ್ರೀನಾಥರ ಹೆಸರಿನ ಮುಂದಿನ ಊರು. ಅಲ್ಲಿ ಇಳಿದರೆ ಹದಿಮೂರನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ಇದೆ, ಮೂರು ಗರ್ಭಗುಡಿಯ ತ್ರಿಕೂಟ. ಇಲ್ಲಿ ಕೆತ್ತಿದವರಲ್ಲಿ ಮಲ್ಲಿತಮ್ಮನೂ ಒಬ್ಬ. ಸೋಮನಾಥಪುರದ ಗೋಡೆಗಳ ಮೇಲೆ ಹೆಸರು ಬರೆದುಕೊಂಡವನು ಅವನೇ. ಜಾವಗಲ್‌ನಿಂದ ಚಿಕ್ಕಮಗಳೂರು ರಸ್ತೆ ಹಿಡಿದರೆ ಬೆಳವಾಡಿಯ ವೀರನಾರಾಯಣ, ಕಡೆದು ನುಣುಪು ಮಾಡಿದ ಕಂಬಗಳ ವಿಶಾಲ ಮಂಟಪ. ಅರಸೀಕೆರೆಯಿಂದ ಹಾಸನ ರಸ್ತೆಯಲ್ಲಿ ಎಂಟು ಕಿ.ಮೀ. ಹೋದರೆ ಹಾರನಹಳ್ಳಿಯ ಚೆನ್ನಕೇಶವ, ಸೋಮೇಶ್ವರ. ಇವು ಯಾವುವೂ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಇಲ್ಲ. ಯುನೆಸ್ಕೊ 2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಕೂತು ಸೇರಿಸಿಕೊಂಡದ್ದು ಬೇಲೂರು, ಹಳೇಬೀಡು ಮತ್ತು ಮೈಸೂರು ಜಿಲ್ಲೆಯ ಸೋಮನಾಥಪುರ, ಈ ಮೂರನ್ನು. ಭಾರತದ ನಲವತ್ತೆರಡನೆಯ ತಾಣ. ಮೂರನ್ನು ಆರಿಸಿದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಪಟ್ಟಿ ಬಂದ ಮೇಲೆ ಪ್ರವಾಸದ ಬಸ್ಸುಗಳು ಆ ಮೂರು ಕಡೆ ಮಾತ್ರ ನಿಲ್ಲುತ್ತಿವೆ, ಉಳಿದ ಊರುಗಳಿಗೆ ಹಿಂದೆ ಬರುತ್ತಿದ್ದವರೂ ಬರುತ್ತಿಲ್ಲ ಎನ್ನುವುದು ನನ್ನ ತಕರಾರು.

ಹಳೇಬೀಡಿನಲ್ಲಿ ಬಸ್ಸು ಇಳಿದರೆ ಹೊಯ್ಸಳೇಶ್ವರ ಕೂಗಳತೆ ದೂರದಲ್ಲಿದೆ. ಒಳಗೆ ಹೋಗುವುದಕ್ಕೆ ಟಿಕೆಟ್ಟಿಲ್ಲ, ಪಕ್ಕದ ವಸ್ತುಸಂಗ್ರಹಾಲಯಕ್ಕೆ ಇದೆ. ಅದಕ್ಕೆ ಶುಕ್ರವಾರ ರಜೆ. ಗುಡಿಯ ಬಗ್ಗೆ ಬರೆಯದ ಪುಸ್ತಕವಿಲ್ಲ. 1121ರ ಸುಮಾರಿಗೆ ಶುರುವಾದದ್ದು, ಕಟ್ಟಿಸಿದ ಅಧಿಕಾರಿ ಕೇತಮಲ್ಲ, ಶಿವನಿಗೆ ಎರಡು ಗರ್ಭಗುಡಿ, ಎದುರಿಗೆ ಎರಡು ನಂದಿ. ಕೆಳಗಿನ ಪಟ್ಟಿಯಲ್ಲಿ ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರ, ರಾಮಾಯಣ-ಭಾರತ, ಮಕರ, ಹಂಸ. ಮೊದಲ ಸಲ ಬಂದವರು ಆನೆ ಎಣಿಸಲು ಹೊರಟು ಸೋಲುತ್ತಾರೆ.

ಎಲ್ಲರೂ ದಾಟಿ ಹೋಗುವ ಒಂದು ಕಂಬ ಇದೇ ಆವರಣದ ದಕ್ಷಿಣಕ್ಕಿದೆ. ಕುವರ ಲಕ್ಷ್ಮನ ಗರುಡಗಂಬ. ಎರಡನೇ ಬಲ್ಲಾಳನಿಗೆ ಪ್ರಾಣಕ್ಕೆ ಪ್ರಾಣ ಕೊಡುವ ಪ್ರತಿಜ್ಞೆ ಮಾಡಿದ ದಂಡನಾಯಕ ಅವನು. ರಾಜ ಸತ್ತಾಗ ತಾನೂ ತನ್ನವರೂ ಪ್ರಾಣ ಬಿಟ್ಟು ಮಾತು ಉಳಿಸಿಕೊಂಡರು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಸಣ್ಣ ಸಣ್ಣ ಉಬ್ಬುಚಿತ್ರಗಳಿವೆ. ಸೆಲ್ಫಿಗೆ ಅನುಕೂಲದ ಜಾಗವಲ್ಲ, ಅದಕ್ಕೇ ಏನೋ ಜನ ಕಮ್ಮಿ.

ಬಂಕಾಪುರಕ್ಕೆ ಪ್ರಸಾದ ಹೋದ ಆ ಬಸದಿ ಇರುವುದು ಬಸ್ತಿಹಳ್ಳಿಯಲ್ಲಿ, ನಡೆದೇ ಹೋಗಬಹುದು. ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಮೂರೂ ಒಂದೇ ಆವರಣದಲ್ಲಿವೆ. ಹೊರಗೋಡೆಯ ಮೇಲೆ ಶಿಲ್ಪವೇ ಇಲ್ಲದ ಸಾದಾ ಕಟ್ಟಡಗಳು. ಒಳಗೆ ಪಾರ್ಶ್ವನಾಥನ ಮುಂದಿನ ಕಪ್ಪು ಕಂಬಗಳನ್ನು ಎಷ್ಟು ಉಜ್ಜಿ ನಯ ಮಾಡಿದ್ದಾರೆಂದರೆ ಎದುರು ನಿಂತವರ ರೂಪ ಅದರಲ್ಲಿ ಮೂಡುತ್ತದೆ. ಕಾವಲುಗಾರರು "ಇಲ್ಲಿ ನಿಂತ್ಕೊಳಿ, ಈಗ ನೋಡಿ" ಎಂದು ಸರಿಯಾದ ಜಾಗ ತೋರಿಸುತ್ತಾರೆ. ಅಲ್ಲಿಂದ ಸ್ವಲ್ಪ ಮುಂದೆ 1219ರ ಕೇದಾರೇಶ್ವರ, ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ಕಾರಿನಲ್ಲಿ ಬಂದವರು ಬಹುತೇಕ ಇಲ್ಲಿಗೆ ಬರುವುದಿಲ್ಲ, ಡ್ರೈವರು "ಬೇಲೂರು ಲೇಟಾಗತ್ತೆ" ಎಂದಿರುತ್ತಾನೆ.

ದೋರಸಮುದ್ರಕ್ಕೆ ಬಂದವರಲ್ಲಿ ಎಲ್ಲರೂ ನೋಡಲು ಬಂದವರಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, ಆಮೇಲೆ ದೆಹಲಿಯ ಸೇನೆ ಇನ್ನೂ ಬಂತು. ಮೂರನೇ ಬಲ್ಲಾಳ ರಾಜಧಾನಿ ಬಿಟ್ಟು ತಿರುವಣ್ಣಾಮಲೆಯಿಂದ ರಾಜ್ಯ ನಡೆಸಿದ. ಅವನ ಕೊನೆಯನ್ನು ನಮಗೆ ಹೇಳಿದವನು ಉತ್ತರ ಆಫ್ರಿಕಾದ ತಾಂಜಿಯರ್ ಊರಿನ ಇಬ್ನ್ ಬತೂತ. ಅವನು ಕರಾವಳಿಯಲ್ಲಿ ಹೊನ್ನಾವರ, ಮಂಗಳೂರು ಹಾದು ಹೋದವನು, ಘಟ್ಟ ಹತ್ತಿ ದೋರಸಮುದ್ರಕ್ಕೆ ಬರಲಿಲ್ಲ. ಆಮೇಲೆ ಮಧುರೆಗೆ ಹೋದಾಗ ಅಲ್ಲಿನ ಸುಲ್ತಾನ ಬಲ್ಲಾಳನನ್ನು ಸೆರೆಹಿಡಿದು ಕೊಲ್ಲಿಸಿದ್ದನ್ನೂ, ಚರ್ಮ ಸುಲಿಸಿ ಒಳಗೆ ಹುಲ್ಲು ತುಂಬಿಸಿ ಕೋಟೆ ಗೋಡೆಗೆ ನೇತುಹಾಕಿಸಿದ್ದನ್ನೂ, ಅದನ್ನು ತಾನು ಕಂಡದ್ದನ್ನೂ ಬರೆದಿಟ್ಟ. ಆ ಸುಲ್ತಾನ ಅವನಿಗೆ ಷಡ್ಡಕ. ಹೊಯ್ಸಳ ವಂಶದ ದೊಡ್ಡ ದೊರೆಯೊಬ್ಬನ ಸಾವು ಹೀಗೆ ಸುಲ್ತಾನನ ಸಂಬಂಧಿಕನ ಪ್ರವಾಸಕಥನದಲ್ಲಿ ಉಳಿದುಕೊಂಡಿತು.

ಮತ್ತೆ ಜನ ಈ ಕಡೆ ಮುಖ ಮಾಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಇಂಗ್ಲಿಷ್ ಅಧಿಕಾರಿ ಹಳೇಬೀಡಿನ ಗೋಡೆಗಳ ಫೋಟೊ ತೆಗೆದು 1859ರಲ್ಲಿ ಲಂಡನ್ನಿನಲ್ಲಿ ಆಲ್ಬಂ ಮಾಡಿ ಪ್ರಕಟಿಸಿದ. ಆಗಿನ್ನೂ ಬೆಂಗಳೂರಿಗೇ ರೈಲು ಬಂದಿರಲಿಲ್ಲ, ಅದು ಬಂದದ್ದು 1864ರಲ್ಲಿ. ಗಾಜಿನ ಪ್ಲೇಟೋ ಕಾಗದದ ನೆಗೆಟಿವ್ವೋ, ರಾಸಾಯನಿಕದ ಸೀಸೆ, ಮರದ ಕ್ಯಾಮರಾ ಎಲ್ಲವನ್ನೂ ಗಾಡಿಯಲ್ಲಿ ಕಟ್ಟಿಕೊಂಡು ಈ ರಸ್ತೆಗಳಲ್ಲಿ ಕುಲುಕಿಸಿಕೊಂಡು ಬಂದ ಮನುಷ್ಯನ ತಾಳ್ಮೆ ದ್ವಾರಪಾಲಕರ ಫೋಟೊಗಿಂತ ಹೆಚ್ಚು ಬೆರಗು ಹುಟ್ಟಿಸುತ್ತದೆ. ರೈಲು ಬಂದ ಮೇಲಿನ ಗೆಜೆಟಿಯರಿನಲ್ಲಿ ಹಳೇಬೀಡಿನ ಜಾಗ ಗುರುತಿಸಲು ಬಾಣಾವರ ಸ್ಟೇಷನ್ನಿನಿಂದ ಮೈಲಿ ಎಣಿಸಿದ್ದಾರೆ. ಅರಸೀಕೆರೆಯಿಂದ ಕಡೂರಿನ ಕಡೆಗೆ ಹೋಗುವಾಗ ಸಿಗುವ ಬಾಣಾವರ ಈಗ ಎಕ್ಸ್‌ಪ್ರೆಸ್ ಗಾಡಿಯವರ ಲೆಕ್ಕಕ್ಕೇ ಸಿಗದ ಸಣ್ಣ ಸ್ಟೇಷನ್ನು.

ಹಳೇಬೀಡಿನಿಂದ ಬೇಲೂರು 16 ಕಿ.ಮೀ. ಬಸ್ಸು ಆಗಾಗ ಇದೆ. ಬೆಳಗ್ಗೆ ಹಳೇಬೀಡು ನೋಡಿ ಮಧ್ಯಾಹ್ನದ ಮೇಲೆ ಬೇಲೂರಿಗೆ ಹೋಗುವುದು ಅರಸೀಕೆರೆ ದಾರಿಯವರಿಗೆ ತಾನಾಗಿ ಒದಗಿ ಬರುವ ಕ್ರಮ. ಹಳೇಬೀಡಿನಲ್ಲಿ ಪೂಜೆಯ ಗಲಾಟೆ ಇಲ್ಲ, ಬೇಲೂರಿನ ಚೆನ್ನಕೇಶವನಿಗೆ ಈಗಲೂ ದಿನದ ಪೂಜೆ, ಉತ್ಸವ, ತೇರು ಎಲ್ಲ ಉಂಟು. ಮಧ್ಯಾಹ್ನ ದೇವರ ಬಾಗಿಲು ಹಾಕಿರುವ ಹೊತ್ತೂ ಇರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಕೇಶವನನ್ನು ಕಂಡರೇ ಕಂಡಂತೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರು ಎಂಬುದು ಶಾಲೆಯ ಪುಸ್ತಕದಲ್ಲೇ ಇದೆ. ಮದನಿಕೆಯರ ಬಗ್ಗೆ ಗೈಡು ಹೇಳಿಯೇ ಹೇಳುತ್ತಾರೆ, ಕನ್ನಡಿ ಹಿಡಿದ ದರ್ಪಣ ಸುಂದರಿಯ ಹತ್ತಿರ ಐದು ನಿಮಿಷ ಹೆಚ್ಚೇ ನಿಲ್ಲಿಸುತ್ತಾರೆ. ಅವರು ಹೇಳದಿದ್ದರೆ ಕೇಳಿ ನೋಡಬೇಕಾದದ್ದು ಕೆಳಗಿನ ಅಕ್ಷರಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು, ಊರು, ಬಿರುದು ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆ ಶಿಕಾರಿಪುರದ ಕಡೆಯದು. ಅಪ್ಪ ಮಗ ಇಬ್ಬರೂ ಉಳಿ ಸುತ್ತಿಗೆ ಹೆಗಲಿಗೇರಿಸಿ ಕೆಲಸ ಹುಡುಕಿಕೊಂಡು ಉತ್ತರದ ಕಡೆಯಿಂದ ಇಳಿದು ಬಂದವರು. ಬೇಲೂರಿನ ಪ್ರತಿಷ್ಠೆಯ ಭಾಗವಾದ ಆ ಸುಂದರಿಯರನ್ನು ಕಡೆದದ್ದು ಹೊರಗಿನಿಂದ ದುಡಿಯಲು ಬಂದ ಕೈಗಳು.

ರಾತ್ರಿ ಉಳಿಯಬೇಕೆಂದರೆ ಬೇಲೂರಿನಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಇದೆ, ಹಳೇಬೀಡಿನಲ್ಲಿ ಮಯೂರ ಶಾಂತಲಾ. ಬೇಲೂರಿನ ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜುಗಳಿವೆ, ಊಟಕ್ಕೆ ಪರದಾಡಬೇಕಿಲ್ಲ.

ಈ ಪ್ರಯಾಣ ಸುಲಭ ಮಾಡುವ ಯೋಜನೆಗಳಿಗೆ ಕೊರತೆಯಿಲ್ಲ. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಶುರುವಾಗಿ ದಶಕಗಳೇ ಕಳೆದವು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂತು. ಅದನ್ನು ಬೇಲೂರಿನ ಮೇಲೆ ಹಾಸನಕ್ಕೆ ಕೂಡಿಸುವ ಹಳಿಯ ಯೋಜನೆ ಇದೆ. ಅದು ಮುಗಿದ ದಿನ ಬೇಲೂರಿಗೇ ಸ್ಟೇಷನ್ನು ಆಗುತ್ತದೆ. ಆಗಲಿ. ಟ್ಯೂನಿಸ್‌ನಲ್ಲಿ ಈ ಕೆಲಸ ಆಗಿ ಬಹಳ ಕಾಲವಾಯಿತು. ರೋಮನ್ನರು ಸುಟ್ಟು ಹಾಕಿದ ಕಾರ್ತೇಜ್ ಅಲ್ಲಿನ ಹಳೇಬೀಡು. ಊರಿನಿಂದ ಹೊರಟ ಲೋಕಲ್ ರೈಲು ಅದರ ಅವಶೇಷಗಳ ನಡುವೆ ಹಾದುಹೋಗುತ್ತದೆ. ಅದರಲ್ಲೊಂದು ಸ್ಟೇಷನ್ನಿನ ಹೆಸರು ಕಾರ್ತೇಜ್ ಹ್ಯಾನಿಬಲ್. ವಿಮಾನ ನಿಲ್ದಾಣದ ಹೆಸರೇ ಟ್ಯೂನಿಸ್-ಕಾರ್ತೇಜ್. ಎರಡು ಸಾವಿರ ವರ್ಷದ ಹಿಂದೆ ಸೋತ ಸೇನಾನಿಯ ಹೆಸರಿನ ಸ್ಟೇಷನ್ನಿನಲ್ಲಿ ಶಾಲೆಯ ಮಕ್ಕಳೂ ಆಫೀಸಿನವರೂ ದಿನಾ ಇಳಿಯುತ್ತಾರೆ. ನಮ್ಮಲ್ಲಿ ವಿಷ್ಣುವರ್ಧನನ ಹೆಸರಿನ ಸ್ಟೇಷನ್ನು ಬೇಕೆಂದು ನಾನು ಹೇಳುತ್ತಿಲ್ಲ, ಹೆಸರಿಡುವುದಕ್ಕೆ ನಮಗೆ ಹೇಗೂ ತಡವಾಗುವುದಿಲ್ಲ, ಹಳಿಗೆ ತಡ.

ಹಳಿ ಬರುವವರೆಗೆ ಬೇಕಾದದ್ದು ದೊಡ್ಡ ಖರ್ಚಿನದಲ್ಲ. ಉತ್ತರ ಕರ್ನಾಟಕದ ರಾತ್ರಿ ಗಾಡಿಗಳು ಅರಸೀಕೆರೆ ಮುಟ್ಟಿದ ಮೇಲೆ, ಬೆಳಕು ಹರಿಯುವ ಹೊತ್ತಿಗೆ ಸ್ಟೇಷನ್ ಬಾಗಿಲಿಂದಲೇ ಹೊರಟು ಜಾವಗಲ್, ಹಳೇಬೀಡು, ಬೇಲೂರು ಎನ್ನುವ ಒಂದು ಬಸ್ಸು. ಸಂಜೆ ಅದೇ ದಾರಿಯಲ್ಲಿ ವಾಪಸು, ರಾತ್ರಿ ಗಾಡಿಗೆ ಸರಿಯಾಗಿ. ಚೀಲ ಇಟ್ಟು ಹೋಗಲು ಒಂದು ಕೋಣೆ. ಕಡೆಯ ಬಸ್ಸಿನ ಹೊತ್ತನ್ನು ದಪ್ಪ ಅಕ್ಷರದಲ್ಲಿ ಬರೆದು ಹಳೇಬೀಡಿನ ಗುಡಿಯ ಗೇಟಿನಲ್ಲಿ ಹಾಕಿದ ಒಂದು ಫಲಕ. ಇದಿಲ್ಲದೆ ಈಗ ಏನಾಗುತ್ತದೆಂದರೆ, ಸಂಜೆ ಬೇಲೂರಿನಲ್ಲಿ ದೀಪದ ಹೊತ್ತಿಗೆ ನಿಲ್ಲಬೇಕೆಂದವರು ಅರಸೀಕೆರೆಯ ಬಸ್ಸು ತಪ್ಪಿಸಿಕೊಂಡು ಹಾಸನದ ಬಸ್ಸು ಹತ್ತುತ್ತಾರೆ. ಹಾಸನಕ್ಕೆ ರಾತ್ರಿಯವರೆಗೂ ಬಸ್ಸಿದೆ, ದೂರ ಸುಮಾರು ನಲವತ್ತು ಕಿ.ಮೀ. ಮೈಸೂರು, ಮಂಗಳೂರು, ಬೆಂಗಳೂರಿನ ಕಡೆಗೆ ಹೋಗುವವರಿಗೆ ಅದು ಸರಿ. ಹುಬ್ಬಳ್ಳಿಯ ಕಡೆಗೆ ಹೋಗಬೇಕಾದವರು ಮಾತ್ರ ಹಾಸನದಿಂದ ಮತ್ತೆ ಅರಸೀಕೆರೆಗೇ ಬರಬೇಕು. ಅಂಥವರು ಬೇಲೂರಿನ ಬಸ್ ಸ್ಟ್ಯಾಂಡಿಗೆ ಮಧ್ಯಾಹ್ನ ಇಳಿದ ಕೂಡಲೇ, ಗುಡಿಗೆ ಹೋಗುವ ಮೊದಲು, ಕಂಟ್ರೋಲರ್ ಕಿಟಕಿಯಲ್ಲಿ ಅರಸೀಕೆರೆಯ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಟ್ಟುಕೊಳ್ಳಬೇಕು. ಅವರು ಒಂದು ಹೊತ್ತು ಹೇಳುತ್ತಾರೆ, ಪಕ್ಕದ ಅಂಗಡಿಯವರು ಇನ್ನೊಂದು ಹೇಳುತ್ತಾರೆ. ಎರಡರಲ್ಲಿ ಮೊದಲಿನದ್ದಕ್ಕೆ ಬಂದು ನಿಲ್ಲುವುದು ಒಳ್ಳೆಯದು.